ಮೊದಲ ಕೆಲಸಕ್ಕೆ ಜನರಲ್ ವಾರ್ಡನ್ನೇ ಆರಿಸಿಕೊಂಡೆ

ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮುಗಿದು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಕೈಗೆ ಬಂದಾಗ ನನ್ನೆದುರು ಎರಡು ಅವಕಾಶಗಳಿದ್ದವು. ಒಂದು, ಊರಿಗೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನ ಐಸಿಯು. ಇನ್ನೊಂದು, ಮೈಸೂರಿನ ದೊಡ್ಡ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡು. ಐಸಿಯುನಲ್ಲಿ ಸಂಬಳ ತುಸು ಹೆಚ್ಚು, ಜೊತೆಯವರ ಕಣ್ಣಿನಲ್ಲಿ ಬೆಲೆಯೂ ಹೆಚ್ಚು. ಆದರೂ ನಾನು ವಾರ್ಡಿಗೆ ಸೇರಿದೆ. ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆ ಬರೆಯಲು ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು, ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ಈ ಷರತ್ತಿಲ್ಲ. ನರ್ಸಿಂಗ್ ಹೋಮಿನಲ್ಲಿ ಅಷ್ಟು ಹಾಸಿಗೆಗಳೇ ಇರಲಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಸೇರಿದ ಮೇಲೆ ತಿಳಿಯಿತು. ಐಸಿಯುನಲ್ಲಿ ಮಾನಿಟರ್ ಕೂಗಿ ಹೇಳುವುದನ್ನು ವಾರ್ಡಿನಲ್ಲಿ ನಾವೇ ಕಂಡುಕೊಳ್ಳಬೇಕು. ಟಿಪಿಆರ್ ಚಾರ್ಟಿನಲ್ಲಿ ಜ್ವರ, ನಾಡಿ ಏರಿಳಿದರೂ ಉಸಿರಿನ ಕಾಲಂನಲ್ಲಿ ಮಾತ್ರ ಎಲ್ಲ ರೋಗಿಗಳಿಗೂ 20 ಎಂದೇ ಇರುವುದನ್ನು ಈ ಕೆಲಸದಲ್ಲಿರುವವರೆಲ್ಲ ನೋಡಿರುತ್ತೀರಿ. ನಮ್ಮ ಇನ್‌ಚಾರ್ಜ್ ಸಿಸ್ಟರ್ ರೌಂಡ್ಸಿಗೆ ಬಂದಾಗ ಆ ಕಾಲಂ ಮೇಲೆ ಬೆರಳಿಟ್ಟು, "ಎಣಿಸಿದ್ದೋ, ಬರೆದದ್ದೋ?" ಎಂದು ಕೇಳುತ್ತಿದ್ದರು. ಉಸಿರು ಎಣಿಸುವ ವಿಧಾನವನ್ನೂ ಅವರೇ ತೋರಿಸಿಕೊಟ್ಟರು: ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟನ್ನು ಬಿಡದೆ, ರೋಗಿಗೆ ಗೊತ್ತಾಗದಂತೆ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಬೇಕು, ಏಕೆಂದರೆ ಎಣಿಸುತ್ತಿದ್ದಾರೆಂದು ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಒಂದು ರಾತ್ರಿ ನ್ಯುಮೋನಿಯಾದ ಅಜ್ಜರೊಬ್ಬರು, "ಏನಿಲ್ಲ ಕಣವ್ವಾ, ಚೆನ್ನಾಗಿದೀನಿ" ಎನ್ನುತ್ತಲೇ ಇದ್ದರು, ಜ್ವರವೂ ಇಳಿದಿತ್ತು. ಎಣಿಸಿದರೆ ಉಸಿರು 34 ಇತ್ತು. ಡ್ಯೂಟಿ ಡಾಕ್ಟರಿಗೆ ಆ ಅಂಕಿಯನ್ನೇ ಹೇಳಿ ಕರೆದೆ. ಬೆಳಗಾಗುವುದಕ್ಕೆ ಮೊದಲೇ ಅವರನ್ನು ಐಸಿಯುಗೆ ಸಾಗಿಸಲಾಯಿತು. "ಪೇಷೆಂಟ್ ಯಾಕೋ ಸರಿಯಿಲ್ಲ ಸರ್" ಎಂದಷ್ಟೇ ಹೇಳಿದ್ದರೆ ಅವರು ಅಷ್ಟು ಬೇಗ ಬರುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಔಷಧದ ವಿಷಯದಲ್ಲಿ ಕಾಲೇಜಿನ ಪಾಠಕ್ಕಿಂತ ಟ್ರಾಲಿಯ ಮುಂದೆ ನಿಂತು ಕಲಿತದ್ದೇ ಹೆಚ್ಚು. ಇನ್ಸುಲಿನ್ ವಯಲ್‌ನಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಇದ್ದರೆ, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್ ಇರುತ್ತದೆ. ಕಾರ್ಟ್ರಿಜ್‌ನಿಂದ, ವಯಲ್‌ನ ಲೆಕ್ಕಕ್ಕೆ ಗುರುತು ಹಾಕಿದ 40ರ ಸಿರಿಂಜಿಗೆ ಎಳೆದುಕೊಂಡರೆ ರೋಗಿಯ ಮೈಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ನೇರವಾಗಿ ರಕ್ತನಾಳಕ್ಕೆ ಎಂದೂ ಕೊಡಬಾರದೆಂಬ ಕಾರಣಕ್ಕೆ ಅದನ್ನು ಬೇರೆ ಡಬ್ಬಿಯಲ್ಲಿಡುತ್ತಿದ್ದೆವು. ಡ್ರಿಪ್ಪಿನ ಲೆಕ್ಕವಂತೂ ಬಾಯಿಪಾಠವಾಯಿತು: 500 ಮಿಲಿ ಎಂಟು ಗಂಟೆಗಳಲ್ಲಿ ಹೋಗಬೇಕಾದರೆ, ಮಿಲಿಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 21 ಹನಿ.

ಡ್ಯೂಟಿ ಬದಲಾಗುವಾಗ ಹ್ಯಾಂಡೋವರನ್ನು, ಅಂದರೆ ಮುಂದಿನ ಪಾಳಿಯವರಿಗೆ ಒಪ್ಪಿಸುವ ರೋಗಿಗಳ ವಿವರವನ್ನು, ಕೌಂಟರಿನಲ್ಲಿ ನಿಂತು ಓದದೆ ಹಾಸಿಗೆಯಿಂದ ಹಾಸಿಗೆಗೆ ನಡೆದು ಕೊಡುವ ಪದ್ಧತಿ ನಮ್ಮ ವಾರ್ಡಿನಲ್ಲಿತ್ತು. ಆಗ ಡ್ರಿಪ್ಪಿಗಾಗಿ ಕೈಗೆ ಹಾಕಿದ ಕ್ಯಾನುಲಾದ ಸುತ್ತ ಊತ ಬಂದಿದ್ದರೆ ಅಥವಾ ಯೂರಿನ್ ಬ್ಯಾಗ್ ಖಾಲಿಯೇ ಉಳಿದಿದ್ದರೆ ಇಬ್ಬರ ಕಣ್ಣಿಗೂ ಬೀಳುತ್ತಿತ್ತು. ಹೊಸಬರಿಗೆ ಇದರಷ್ಟು ಒಳ್ಳೆಯ ತರಗತಿ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ, ಹಿಂದಿನ ಪಾಳಿಯವರು ಮನೆಗೆ ಹೋಗುವ ಆತುರದಲ್ಲಿ ಎಷ್ಟೇ ಗೊಣಗಿದರೂ.

ಸೇರುವಾಗ ಮೂಲ ಅಂಕಪಟ್ಟಿಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲು ಕೇಳುವ ಸಂಸ್ಥೆಗಳಿವೆ. ನಾನು ಮೂಲಪ್ರತಿಗಳನ್ನು ತೋರಿಸಿ, ದೃಢೀಕರಿಸಿದ ನಕಲುಗಳನ್ನು ಮಾತ್ರ ಕೊಟ್ಟೆ. ಎರಡು ವರ್ಷ ತುಂಬಿ ಹೊರಡುವಾಗ ಅನುಭವ ಪತ್ರದಲ್ಲಿ ಸೇರಿದ ಹಾಗೂ ಬಿಟ್ಟ ದಿನಾಂಕ, ಹುದ್ದೆ, ವಿಭಾಗಗಳ ಜೊತೆಗೆ ಆಸ್ಪತ್ರೆಯ ಒಟ್ಟು ಹಾಸಿಗೆಗಳ ಸಂಖ್ಯೆಯನ್ನೂ ನಮೂದಿಸುವಂತೆ ಎಚ್‌ಆರ್ ವಿಭಾಗದವರನ್ನು ಕೇಳಿಕೊಂಡೆ. ಮೊದಲು ಕೊಟ್ಟ ಪತ್ರದಲ್ಲಿ ಅದು ಇರಲಿಲ್ಲ. ಹಿಂದಿರುಗಿಸಿ, ಬರೆಸಿಕೊಂಡೇ ಬಂದೆ.