ಟಿವಿ ಬದಲಿಸಲಿಲ್ಲ, ಸೋಫಾ ಎಳೆದೆ

ನಮ್ಮದು 55 ಇಂಚಿನ ಫೋರ್‌ಕೆ ಟಿವಿ, ಅಂದರೆ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕಿಗಳಿರುವಂಥದ್ದು. "ಚಿತ್ರದಲ್ಲಿ ಮಜಾ ಇಲ್ಲ, ದೊಡ್ಡದು ತರೋಣ" ಅಂತ ಮನೆಯವರ ವರಾತ. ಗೋಡೆಗೆ ಅಂಟಿದ್ದ ಸೋಫಾದಿಂದ ಪರದೆಗೆ ಸುಮಾರು 12 ಅಡಿ. ಲೆಕ್ಕ ಹಾಕಿದರೆ ಪರದೆಯ ಅಗಲ ಕಣ್ಣಿಗೆ ಬರೀ 19 ಡಿಗ್ರಿ ಕೋನದಷ್ಟು. ಸಿನಿಮಾ ಕಣ್ತುಂಬಲು ಅಲ್ಲಿಂದಲೇ 30 ಡಿಗ್ರಿ ಬೇಕೆಂದರೆ 85 ಇಂಚೂ ಸ್ವಲ್ಪ ಕಡಿಮೆಯೇ. ಅದರ ಬೆಲೆಗೆ ನಮ್ಮಂಥ ಟಿವಿ ಮೂರ್ನಾಲ್ಕು ಬರುತ್ತವೆ.

ಸೋಫಾ ಮುಂದೆ ಎಳೆಯೋಣ ಅಂದೆ. ಎಲ್ಲರೂ ನಕ್ಕರು. ಹತ್ತಿರ ಕೂತರೆ ಕಣ್ಣು ಹೋಗುತ್ತದಂತೆ! 1967ರಲ್ಲಿ ಅಮೆರಿಕದಲ್ಲಿ ಕೆಲವು ಬಣ್ಣದ ಟಿವಿಗಳಿಂದ ಎಕ್ಸ್-ರೇ ಸೋರುತ್ತಿದ್ದುದು ನಿಜ. ಅವು ಪಿಕ್ಚರ್ ಟ್ಯೂಬಿನ ಕಾಲದವು. ಈಗಿನ ಚಪ್ಪಟೆ ಟಿವಿಗೂ ಅದಕ್ಕೂ ಏನು ಸಂಬಂಧ?

ಮನೆಯವರ ಮಾತಿಗೆ ಮಣಿದು ಮೊದಲು ಮುಂದಕ್ಕೆ ಚಾಚುವ ಬ್ರಾಕೆಟ್ ತರಿಸಿದ್ದೆ. ಪೂರ್ತಿ ಎಳೆದರೂ ಸಿಕ್ಕಿದ್ದು ಒಂದೂವರೆ ಅಡಿ. ಸಾಲದ್ದಕ್ಕೆ ಟಿವಿ ತುಸು ಬಾಗಿ ನಿಂತಿತು. ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಆಮೇಲೆ 75 ಇಂಚಿನ ಅಳತೆಗೆ ರಟ್ಟು ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿದೆವು. ಅದೂ ಕೆಲಸಕ್ಕೆ ಬರಲಿಲ್ಲ. ರಟ್ಟಿನ ಮೇಲೆ ಏನೂ ಓಡುವುದಿಲ್ಲವಲ್ಲ, ಎಷ್ಟು ದೊಡ್ಡದಿದ್ದರೂ ಸರಿ ಅನ್ನಿಸುತ್ತದೆ.

ಕೊನೆಗೆ ನೆಲಕ್ಕೆ ಅರ್ಧರ್ಧ ಅಡಿಗೆ ಟೇಪ್ ಅಂಟಿಸಿದೆ. ಪ್ರತಿ ಗುರುತಿನಲ್ಲೂ ಒಂದು ಪೂರ್ತಿ ಸಿನಿಮಾ. ಎರಡು ನಿಮಿಷ ಕೂತು ತೀರ್ಮಾನ ಮಾಡಲೇಬೇಡಿ. ಹೊಸ ಜಾಗದಲ್ಲಿ ಮೊದಲ ಇಪ್ಪತ್ತು ನಿಮಿಷ ಯಾರಿಗೇ ಆದರೂ ತೀರಾ ಹತ್ತಿರ ಅನ್ನಿಸುತ್ತದೆ. ಐದು ಅಡಿಯಲ್ಲಿ ಸಿನಿಮಾ ಭರ್ಜರಿ, ಆದರೆ ಪಂದ್ಯ ಹಾಕಿದರೆ ಚೆಂಡಿನ ಹಿಂದೆ ತಲೆಯೇ ತಿರುಗುತ್ತಿತ್ತು. ಸುದ್ದಿ ಚಾನೆಲ್‌ನಲ್ಲಿ ಅಕ್ಷರಗಳ ಸುತ್ತ ಕೊಳಕು ಚುಕ್ಕಿಗಳು. ಒಳ್ಳೆಯ ವಿಡಿಯೋ ಎಲ್ಲಿಂದ ನೋಡಿದರೂ ಚೆನ್ನ. ದೂರ ಎಷ್ಟಿರಬೇಕು ಅಂತ ಹೇಳುವುದು ನೀವು ದಿನಾ ನೋಡುವ ಅತಿ ಕಳಪೆ ಚಾನೆಲ್ಲೇ.

ನಾನು ನಿಂತಿದ್ದು ಆರೂವರೆ ಅಡಿಗೆ, ಸುಮಾರು 34 ಡಿಗ್ರಿ. 55 ಇಂಚಿನಲ್ಲಿ ಏಳು ಅಡಿ ದಾಟಿದರೆ ಸಾಮಾನ್ಯ ಕಣ್ಣಿಗೆ ಫುಲ್ ಎಚ್‌ಡಿಗೂ ಫೋರ್‌ಕೆಗೂ ಹೆಚ್ಚೇನೂ ವ್ಯತ್ಯಾಸ ಸಿಗದು. ಅಂದರೆ ಇಷ್ಟು ವರ್ಷ ಫೋರ್‌ಕೆಗೆ ಕೊಟ್ಟ ದುಡ್ಡು ಸುಮ್ನೆ ಗೋಡೆಯ ಮೇಲೆ ತೂಗಾಡುತ್ತಿತ್ತು. ಕೊನೆಯ ಎರಡು ಗುರುತುಗಳ ನಡುವೆ ಆರಿಸಲು ನಾನು ಒಂದು ಕಪ್ಪು-ಬಿಳುಪು ದೃಶ್ಯ ಇಟ್ಟುಕೊಂಡಿದ್ದೇನೆ. ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ! ನಕ್ಕವರೇ ಈಗ ನಡುವಿನ ಜಾಗಕ್ಕೆ ಜಗಳ ಆಡುತ್ತಾರೆ.

ಇನ್ನೊಂದು ಲಾಭ ನಿರೀಕ್ಷಿಸಿರಲಿಲ್ಲ. ತಲೆ ಹಿಂದಿನ ಗೋಡೆಯಿಂದ ದೂರ ಬಂದದ್ದೇ ತಡ, ಸೌಂಡ್‌ಬಾರಿನ ಗುಂಯ್ ಎನ್ನುವ ಬೇಸ್ ತಗ್ಗಿತು, ಮಾತು ಸ್ಪಷ್ಟವಾಯ್ತು. ಟಿವಿ ಹಿಂದೆ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿಯನ್ನೂ ಹಾಕಿ ನೋಡಿದೆ. ಮುಖಗಳೆಲ್ಲ ವಿಚಿತ್ರ ಬಣ್ಣಕ್ಕೆ ತಿರುಗಿದವು. 6500 ಕೆಲ್ವಿನ್‌ನ, ಅಂದರೆ ಹಗಲಿನ ಬೆಳಕಿನಂಥ, ಬಿಳಿ ಪಟ್ಟಿ ಮಂದವಾಗಿ ಉರಿಸಿದರೆ ರಾತ್ರಿ ಕಣ್ಣು ಉರಿಯುವುದು ಕಡಿಮೆ.

ಹತ್ತಿರ ಬಂದಾಗ ಎತ್ತರದ ಲೆಕ್ಕವೂ ಬದಲಾಗುತ್ತದೆ. ಪರದೆಯ ನಡುಭಾಗ ಕಣ್ಣಿಗಿಂತ ಒಂದೂವರೆ ಅಡಿ ಮೇಲಿತ್ತು. 12 ಅಡಿಯಲ್ಲಿ ಅದು ಏಳು ಡಿಗ್ರಿ ಮೇಲೆ, ಆರೂವರೆಯಲ್ಲಿ ಹದಿಮೂರು. ಕತ್ತು ಹಿಡಿದುಕೊಂಡಿತು. ಟಿವಿ ಒಂದು ಅಡಿ ಕೆಳಗಿಳಿಸಿದೆ. ಹಳೇ ತೂತುಗಳಿಗೆ ಪುಟ್ಟಿ ಹಚ್ಚುವುದು ಇನ್ನೂ ಬಾಕಿ.