ಪ್ಯಾನೆಲ್ ಗೆರೆ ಕೊರೆಯಲು ಯಾವ ಟೇಪ್?

ಪ್ಲಾಸ್ಟಿಕ್ ಮಾಡೆಲ್ ವಿಮಾನದ ಮೇಲೆ ಪ್ಯಾನೆಲ್ ಗೆರೆ, ಅಂದರೆ ಲೋಹದ ಹಾಳೆಗಳು ಕೂಡುವ ಜಾಗ ತೋರಿಸುವ ಸಣ್ಣ ಗೆರೆ, ಕೊರೆಯುವಾಗ ಕೈ ಜಾರಿತು ಅಂತ ಬೇಜಾರು ಮಾಡಿಕೊಂಡವರನ್ನು ತುಂಬ ನೋಡಿದ್ದೇನೆ. ಬಹಳ ಸಲ ತಪ್ಪು ಕೈಯದಲ್ಲ, ಟೇಪಿನದು. ಗೆರೆ ಕೊರೆಯುವ ಚೂಪು ಉಪಕರಣ, ದುಬಾರಿ ಸ್ಕ್ರೈಬರ್ ಕೊಳ್ಳುತ್ತಾರೆ, ಗೆರೆಗೆ ಆಸರೆಯಾಗಿ ಮನೇಲಿದ್ದ ಮಾಸ್ಕಿಂಗ್ ಟೇಪ್ ಅಂಟಿಸುತ್ತಾರೆ. ಅದು ಬಣ್ಣ ತಡೆಯಲು ಮಾಡಿದ ತೆಳು ಕಾಗದ. ಸ್ಕ್ರೈಬರಿನ ಮೊನೆ ಅದನ್ನು ಹತ್ತಿ ಆಚೆ ಹೋಗುತ್ತದೆ, ಇಲ್ಲವೇ ಅಂಚನ್ನೇ ಸೀಳುತ್ತದೆ.

ಬೇಕಿರುವುದು ದಪ್ಪ, ಗಟ್ಟಿ, ಎಳೆದರೂ ಹಿಗ್ಗದ ಟೇಪ್. ಇನ್ಸುಲೇಷನ್ ಟೇಪ್ ದಪ್ಪ ಇದೆಯಲ್ವಾ ಅನ್ನುತ್ತಾರೆ. ಅದು ಬೇಡ. ಅಂಟಿಸುವಾಗ ಹಿಗ್ಗಿ, ಆಮೇಲೆ ಮೆಲ್ಲಗೆ ಕುಗ್ಗುತ್ತದೆ. ಗೆರೆ ಬಾಗುತ್ತದೆ.

ಲೇಬಲ್ ಟೇಪನ್ನೇ ಹುಡುಕಿ. ಡೈಮೊ ಯಂತ್ರದ ಚಕ್ರ ತಿರುಗಿಸಿ ಒತ್ತಿದರೆ ಬಿಳಿ ಅಕ್ಷರ ಉಬ್ಬಿ ಬರುತ್ತದಲ್ಲ, ಆ ಪ್ಲಾಸ್ಟಿಕ್ ಪಟ್ಟಿ. ಅಗಲ 9 ಅಥವಾ 12 ಮಿ.ಮೀ. ಅಂಗಡಿಯಲ್ಲಿ ಸುಮ್ನೆ ಲೇಬಲ್ ಟೇಪ್ ಅಂದರೆ ಪ್ರಿಂಟರಿನ ತೆಳು ಟೇಪ್ ಕೊಟ್ಟುಬಿಡುತ್ತಾರೆ. ಎಂಬಾಸಿಂಗ್ ಟೇಪ್ ಎಂದೇ ಕೇಳಿ. ಮಾಡೆಲ್ ಮಾಡುವವರಿಗೆಂದೇ ಬರುವ 3 ಮಿ.ಮೀ. ಗೈಡ್ ಟೇಪ್‌ಗಳೂ ಒಳ್ಳೆಯವೇ. ಆದರೆ ನಾನು ತರಿಸಿದ ಒಂದು ಅಗ್ಗದ ಸುರುಳಿಯಲ್ಲಿ ಅಂಚೇ ಡೊಂಕಾಗಿತ್ತು. ಕೊಂಡ ಕೂಡಲೇ ಒಂದು ತುಂಡನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.

ಟೇಪ್ ಅಂಟಿಸುವ ಮೊದಲು ಮಾಡೆಲನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ.

ಎಲ್ಲರೂ ಎಡವುವುದು ಅಂಟಿಸುವಾಗ. ನನ್ನ ಮೇಜಿನ ಮೇಲೆ ಈಗ 1/72 ಅಳತೆಯ ನ್ಯಾಟ್ ಇದೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ಪುಟ್ಟ ಫೈಟರ್. ಉದ್ದ 12 ಸೆಂ.ಮೀ. ಆಸುಪಾಸು. ಅದರ ದುಂಡು ಮೈಗೆ 9 ಮಿ.ಮೀ. ಪಟ್ಟಿ ಬಗ್ಗುವುದಿಲ್ಲ, ಅಂಚು ಎದ್ದು ನಿಲ್ಲುತ್ತದೆ. ಪಟ್ಟಿಯನ್ನು ಗಾಜಿಗೆ ಅಂಟಿಸಿ, ಹೊಸ ಬ್ಲೇಡಿನಿಂದ ಉದ್ದಕ್ಕೆ ಮೂರಾಗಿ ಸೀಳಿ. ಮಧ್ಯದ್ದು ಎಸೆಯಿರಿ. ಉಳಿದ ಎರಡರಲ್ಲಿ ಕಾರ್ಖಾನೆಯ ಅಂಚೇ ಗೆರೆಯ ಕಡೆಗಿರಬೇಕು, ನೀವು ಸೀಳಿದ ಅಂಚಲ್ಲ. ಅಂಟು ಜಾಸ್ತಿ ಅನಿಸಿದರೆ ಒಮ್ಮೆ ಅಂಗೈಗೆ ಒತ್ತಿ ತೆಗೆಯಿರಿ. ಈಗ ಎಳೆಯದೆ, ಸ್ವಲ್ಪ ಸ್ವಲ್ಪವೇ ಕೂರಿಸುತ್ತಾ ಮೈಗೆ ಸುತ್ತಿ. ಎರಡು ತುದಿ ಅಂಚಿಗೆ ಅಂಚು ಕೂಡಬೇಕು. ಅರ್ಧ ಮಿ.ಮೀ. ತಪ್ಪಿದರೂ ಕಿತ್ತು ಮತ್ತೆ ಸುತ್ತಿ, ನಿಜವಾದ ವಿಮಾನದಲ್ಲಿ ಅದು 36 ಮಿ.ಮೀ. ಆಗುತ್ತದೆ. ಕೊನೆಗೆ ಗೆರೆ ಕಡೆಯ ಅಂಚನ್ನು ಟೂತ್‌ಪಿಕ್‌ನಿಂದ ಉಜ್ಜಿ ಕೂರಿಸಿ.

ಕೊರೆಯುವುದು ಸುಲಭ. ಮೊದಲ ಎರಡು ಎಳೆತಕ್ಕೆ ಸ್ಕ್ರೈಬರಿನ ಭಾರವೇ ಸಾಕು, ಒತ್ತಬೇಡಿ. ಐದಾರು ಎಳೆತಕ್ಕೆ ಗೆರೆ ಮೂಡುತ್ತದೆ. ಮೊನೆಯ ಅಗಲ 0.15 ಮಿ.ಮೀ. ದಾಟದಿರಲಿ.

ಮೊನೆ ಜಾರಿ ತಪ್ಪು ಗೆರೆ ಬಿದ್ದರೆ ಅದಕ್ಕೆ ಪುಟ್ಟಿ ಹಚ್ಚಬೇಡಿ, ಮತ್ತೆ ಕೊರೆದಾಗ ಉದುರುತ್ತದೆ. ಸೂಪರ್ ಗ್ಲೂ ತುಂಬಿ, ಒಣಗಿದ ಮೇಲೆ ಅದೇ ದಿನ ಉಜ್ಜಿ. ನಾಳೆಗೆ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತದೆ.

ಟೇಪ್ ಕಿತ್ತ ಮೇಲೆ ಅಂಟು ಉಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಥಿನ್ನರ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಕರಗಿ ಕೊರೆದ ಗೆರೆಯೇ ಮುಚ್ಚಿಹೋಗುತ್ತದೆ.