ಖಾಲಿ ಕುರ್ಚಿಗಳ ನಡುವೆ 911: ಡಿಸ್ಪ್ಯಾಚರ್ ಕೆಲಸದ ನನ್ನ ಅನುಭವ

ಹಾಸನದಲ್ಲಿ ಯಾರಾದರೂ ಕೇಳಿದರೆ ನಮ್ಮತ್ತೆ "ಸೊಸೆ ಅಲ್ಲಿ ಪೊಲೀಸರ ಆಫೀಸಲ್ಲಿ ಫೋನ್ ಎತ್ತೋ ಕೆಲಸದಲ್ಲಿದಾಳೆ" ಅಂತಾರೆ. ನಾನು 911 ಡಿಸ್ಪ್ಯಾಚರ್, ಅಂದರೆ ಅಮೆರಿಕದ ತುರ್ತು ನಂಬರಿಗೆ ಬರುವ ಕರೆ ಎತ್ತಿ ಪೊಲೀಸರನ್ನೋ ಅಗ್ನಿಶಾಮಕದವರನ್ನೋ ಕಳಿಸುವವಳು. ಆದರೂ ತಿದ್ದಲು ಹೋಗಿಲ್ಲ. ಅಮೆರಿಕದ ಸರ್ಕಾರದ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಇಲ್ಲಿ ದೇಶದ ಅಷ್ಟೂ ಉದ್ಯೋಗಗಳನ್ನು ವಿಂಗಡಿಸಿ ನಂಬರು ಕೊಟ್ಟಿದ್ದಾರೆ. ಪೊಲೀಸರು, ಅಗ್ನಿಶಾಮಕದವರು 33ನೇ ಗುಂಪು, ಅಂದರೆ ರಕ್ಷಣಾ ಸೇವೆ. ಈಜುಕೊಳದ ಲೈಫ್‌ಗಾರ್ಡ್, ಪಾರ್ಕಿಂಗ್ ದಂಡದ ಚೀಟಿ ಸಿಕ್ಕಿಸುವವರು, ಶಾಲೆ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರು ಕೂಡ ಆ ಗುಂಪಿನವರೇ. 911 ಡಿಸ್ಪ್ಯಾಚರ್ ಮಾತ್ರ 43ರಲ್ಲಿ, ಕಚೇರಿ ಸಹಾಯಕರು ಮತ್ತು ರಿಸೆಪ್ಷನಿಸ್ಟ್‌ಗಳ ಜೊತೆ. 2018ರ ಪರಿಷ್ಕರಣೆಯಲ್ಲಿ ನಮ್ಮ ಹೆಸರನ್ನು 'ಪಬ್ಲಿಕ್ ಸೇಫ್ಟಿ ಟೆಲಿಕಮ್ಯುನಿಕೇಟರ್' ಅಂತ ಉದ್ದ ಮಾಡಿದರು, ಗುಂಪು ಹಾಗೇ ಉಳಿಯಿತು. ಅದನ್ನು ಬದಲಿಸಿ ಎನ್ನುವ ಮಸೂದೆ 2019ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಬಂತು, ಆಮೇಲೆ ಇನ್ನೊಮ್ಮೆಯೂ ಬಂತು. ನಾನಿರುವ ಕ್ಯಾಲಿಫೋರ್ನಿಯಾ 2020ರಲ್ಲಿ ತನ್ನ ಕಾನೂನಿನ ಮಟ್ಟಿಗೆ ನಮ್ಮನ್ನೂ ಫಸ್ಟ್ ರೆಸ್ಪಾಂಡರ್ (ತುರ್ತಿಗೆ ಮೊದಲು ಒದಗುವವರು) ಅಂತ ಒಪ್ಪಿಕೊಂಡಿದೆ. ಸಂತೋಷ. ಕೆಲಸಕ್ಕೆ ಜನ ಸಾಲದೆ ಪಕ್ಕದ ಕುರ್ಚಿ ಮಾತ್ರ ಅವತ್ತೂ ಖಾಲಿ ಇತ್ತು, ಇವತ್ತೂ ಖಾಲಿ.

ಈ ಕೆಲಸಕ್ಕೆ ಸೇರೋದು ಸುಲಭವಲ್ಲ. ಮೊದಲು ರಾಜ್ಯದ ಪರೀಕ್ಷೆ. ಒಂದು ಕಿವಿಯಲ್ಲಿ ಕೇಳಿದ್ದನ್ನು ಟೈಪ್ ಮಾಡುತ್ತಾ, ಇನ್ನೊಂದನ್ನು ನೆನಪಿಟ್ಟುಕೊಳ್ಳುತ್ತಾ, ಎರಡರಲ್ಲಿ ಯಾವುದು ಮುಖ್ಯ ಅಂತ ತೀರ್ಮಾನಿಸಬೇಕು. ಪಾಸಾದರೆ ಹಿನ್ನೆಲೆ ತನಿಖೆ, ಅದು ತಿಂಗಳುಗಟ್ಟಲೆ. ನನ್ನ ವಿಷಯದಲ್ಲಿ ಬೆಂಗಳೂರಿನ ಹಳೆಯ ಆಫೀಸಿನವರೆಗೂ ವಿಚಾರಣೆ ಹೋಯಿತು; ಅಲ್ಲಿನ ಮ್ಯಾನೇಜರ್ ಗಾಬರಿಯಾಗಿ "ಏನಾದ್ರೂ ತೊಂದ್ರೆ ಆಯ್ತೇನಮ್ಮಾ?" ಅಂತ ಫೋನ್ ಮಾಡಿದ್ದರು. ಆಮೇಲೆ ರಾಜ್ಯ ನಿಗದಿಪಡಿಸಿದ 120 ಗಂಟೆಗಳ ಮೂಲ ತರಬೇತಿ. ಅದು ಮುಗಿದ ಮೇಲೂ ಕೊಠಡಿಯೊಳಗೆ ತಿಂಗಳುಗಟ್ಟಲೆ ಒಬ್ಬ ಹಿರಿಯರ ಪಕ್ಕ ಕೂತು ಕಲಿಯಬೇಕು, ಮೊದಲು ಫೋನು, ನಂತರ ಗಾಡಿಯವರ ಜೊತೆ ಮಾತಾಡುವ ರೇಡಿಯೋ. ಅರ್ಜಿ ಹಾಕಿದ ದಿನದಿಂದ ಒಂಟಿಯಾಗಿ ಕುರ್ಚಿಯಲ್ಲಿ ಕೂರುವ ದಿನದವರೆಗೆ ಒಂದು ವರ್ಷ ಆರಾಮಾಗಿ ಉರುಳುತ್ತದೆ. ಅಷ್ಟರಲ್ಲಿ ಒಳ್ಳೆಯವರಿಗೆ ಬೇರೆ ಕೆಲಸ ಸಿಕ್ಕಿರುತ್ತದೆ.

ಜನ ಕಡಿಮೆ ಅಂದರೆ ಫೋನ್ ರಿಂಗಾಗುತ್ತಲೇ ಇರುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದೂ ಉಂಟು. ನೂರಕ್ಕೆ ತೊಂಬತ್ತು ಕರೆಗಳನ್ನು 15 ಸೆಕೆಂಡಿನೊಳಗೆ ಎತ್ತಬೇಕು ಅನ್ನುವುದು ನಮ್ಮ ಅಳತೆಗೋಲು, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ದೊಡ್ಡ ಊರುಗಳೇ ಅದನ್ನು ಮುಟ್ಟಲಾರದೆ ಟೀಕೆ ಕೇಳಿವೆ. ನಾನು ಕಂಡ ದೊಡ್ಡ ನಷ್ಟ ಬೇರೆ. ಕರೆ ಎತ್ತಿದ್ದಾಯಿತು, ವಿಳಾಸ ಸಿಕ್ಕಿತು, ಗಾಡಿ ಹೊರಟಿತು. ಅಲ್ಲಿಂದ ಗಾಡಿ ತಲುಪುವವರೆಗಿನ ಆರೇಳು ನಿಮಿಷ ಆ ಮನುಷ್ಯನ ಜೊತೆ ಫೋನಿನಲ್ಲಿ ಇರಬೇಕಾದವಳು ನಾನು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೂ ಎರಡು ಕರೆ ಮಿನುಗುತ್ತಿರುತ್ತವೆ. ಇರಲೋ, ಬಿಡಲೋ? ಸಾಲಿನಲ್ಲಿರುವುದು ಎದೆನೋವೋ, ಪಕ್ಕದ ಮನೆ ನಾಯಿ ಬೊಗಳುವ ದೂರೋ, ಎತ್ತುವ ತನಕ ಗೊತ್ತಾಗುವುದಿಲ್ಲ. ನಾಯಿಯ ದೂರಿಗೆ ಬೇರೆ ನಂಬರು ಇದೆ, ಆದರೆ ಅದೂ ಕೊನೆಗೆ ಬಂದು ರಿಂಗಾಗುವುದು ನಮ್ಮ ಮೇಜಿನ ಮೇಲೇ.

ಇನ್ನು ಕಡ್ಡಾಯ ಓವರ್‌ಟೈಮ್. ಹನ್ನೆರಡು ಗಂಟೆಯ ಶಿಫ್ಟ್ ಮುಗಿಯುವ ಹೊತ್ತಿಗೆ ಮುಂದಿನ ಶಿಫ್ಟಿನವರೊಬ್ಬರು ಹುಷಾರಿಲ್ಲ ಅಂತಾರೆ. ಕನಿಷ್ಠ ಇಷ್ಟು ಜನ ಇರಲೇಬೇಕು ಎಂಬ ನಿಯಮವಿರುವುದರಿಂದ ಪಟ್ಟಿಯಲ್ಲಿ ಮೇಲಿರುವ ಹೆಸರನ್ನು ಹಿಡಿದು ನಿಲ್ಲಿಸುತ್ತಾರೆ. ಮನೆಯಲ್ಲಿ ಮಗುವನ್ನು ಸ್ಕೂಲಿನಿಂದ ಕರೆತರಬೇಕು ಅನ್ನುವ ಕಾರಣ ನಡೆಯುವುದಿಲ್ಲ. ಹೀಗೆ ನಿಂತು ನಿಂತು ದಣಿದವರು ಮುಂದಿನ ವಾರ ತಾವೇ ಹುಷಾರಿಲ್ಲ ಅಂತಾರೆ, ಆಗ ಇನ್ನೊಬ್ಬರು ನಿಲ್ಲುತ್ತಾರೆ. ಮನೆ ಬಾಡಿಗೆ ಕಟ್ಟಲಾಗದೆ ದೂರದ ಟ್ರೇಸಿ, ಮ್ಯಾಂಟೀಕಾ ಊರುಗಳ ಕಡೆಯಿಂದ ದಿನಾ ಕಾರು ಓಡಿಸಿಕೊಂಡು ಬರುವ ಸಹೋದ್ಯೋಗಿಗಳಿಗೆ ಹದಿನಾರನೇ ಗಂಟೆಯ ನಂತರ ಮನೆಗೆ ಹೋಗುವುದಕ್ಕಿಂತ ಪಾರ್ಕಿಂಗ್‌ನಲ್ಲೇ ಮಲಗುವುದು ವಾಸಿ.

ಮೇಲಿನವರು ಹೊಸಬರಿಗೆ ಸೇರ್ಪಡೆ ಬೋನಸ್ ಕೊಟ್ಟರು, ಬಸ್ಸಿನ ಮೇಲೆ ಜಾಹೀರಾತು ಹಾಕಿದರು. ಅರ್ಜಿಗಳೂ ಬಂದವು. ಆದರೆ ನಾವು ಜನರನ್ನು ಕಳೆದುಕೊಳ್ಳುತ್ತಿದ್ದುದು ಬಾಗಿಲಲ್ಲಿ ಅಲ್ಲ, ತರಬೇತಿಯ ನಡುವೆ. ನಾನು ತರಬೇತಿ ಕೊಡುವವಳಾದ ಮೇಲೆ ಅದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕುರ್ಚಿ ಬೇಗ ತುಂಬಬೇಕು ಅನ್ನುವ ಅವಸರಕ್ಕೆ ಎರಡನೇ ವಾರದಲ್ಲೇ ಹುಡುಗರನ್ನು ಫೋನಿಗೆ ತಳ್ಳುತ್ತಿದ್ದರು. ಶಿಫ್ಟಿನ ಕೊನೆಯಲ್ಲಿ ಅಂಕ ಹಾಕಿದ ವರದಿ ಕೈಗೆ: ಇಲ್ಲಿ ತಡವಾಯಿತು, ಅಲ್ಲಿ ಬೀದಿಯ ಹೆಸರಿನ ಸ್ಪೆಲಿಂಗ್ ತಪ್ಪು. ಒಬ್ಬ ತಾಯಿ ಕಿವಿಯಲ್ಲಿ ಕಿರುಚಿದ ದಿನವೂ ಅದೇ ವರದಿ, ಅದೇ ಖಾನೆಗಳು.

ನಾನು ಮಾಡಿದ ಬದಲಾವಣೆಗಳಲ್ಲಿ ಮೊದಲನೆಯದು ನಕ್ಷೆ. ಹೊಸಬರನ್ನು ಮೊದಲ ದಿನಗಳಲ್ಲಿ ಫೋನ್ ಮುಟ್ಟಗೊಡದೆ, ಪೊಲೀಸ್ ಗಾಡಿಯಲ್ಲಿ, ಅಗ್ನಿಶಾಮಕದ ಗಾಡಿಯಲ್ಲಿ ಊರು ಸುತ್ತಲು ಕಳಿಸಿದೆ. ಹೈವೇಯ ಯಾವ ಇಳಿಜಾರು ಯಾವ ಬೀದಿಗೆ ಇಳಿಯುತ್ತದೆ, ಯಾವ ಅಪಾರ್ಟ್‌ಮೆಂಟಿನ ಗೇಟು ಹಿಂದಿನ ರಸ್ತೆಯಲ್ಲಿದೆ, ಯಾವ ಮಾಲ್‌ನಲ್ಲಿ ಜನ ಅಂಗಡಿ ಹೆಸರು ಹೇಳುತ್ತಾರೆಯೇ ಹೊರತು ವಿಳಾಸ ಹೇಳುವುದಿಲ್ಲ, ಇದೆಲ್ಲ ಕಾಲಿಗೆ ಗೊತ್ತಾಗಬೇಕು. ಮೊಬೈಲ್ ಕರೆ ಬಂದಾಗ ಪರದೆಯ ನಕ್ಷೆಯ ಮೇಲೆ ಕರೆ ಬಂದ ಜಾಗ ಸುಮಾರಾಗಿ ತೋರಿಸುವ ಒಂದು ವೃತ್ತ ಕಾಣುತ್ತದೆ, ಕೆಲವೊಮ್ಮೆ ಚಿಕ್ಕದು, ಕೆಲವೊಮ್ಮೆ ಅರ್ಧ ಬಡಾವಣೆಯನ್ನೇ ನುಂಗುವಷ್ಟು ದೊಡ್ಡದು. ಅದರೊಳಗಿನ ಮನೆ ಯಾವುದು ಅಂತ ಹೇಳಬೇಕಾದವರು ಕರೆ ಮಾಡಿದವರೇ. ಊರು ಗೊತ್ತಿದ್ದವರಿಗೆ ಪ್ರಶ್ನೆ ಕೇಳಲು ಬರುತ್ತದೆ.

ಎರಡನೆಯದು ಧ್ವನಿ. ಹೃದಯ ನಿಂತ ಕರೆಯಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ: ಎಚ್ಚರ ಇದೆಯಾ, ಉಸಿರಾಟ ಸರಿಯಾಗಿದೆಯಾ. ಎರಡಕ್ಕೂ ಇಲ್ಲ ಅಂದರೆ ಮತ್ತೇನೂ ಕೇಳದೆ ಎದೆ ಒತ್ತಿಸಲು ಶುರು ಮಾಡಬೇಕು, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ. ಸೂಚನೆಯ ಕಾರ್ಡಿನಲ್ಲಿ ಬರೆದದ್ದನ್ನು ಓದುವುದು ಯಾರಿಗೂ ಬರುತ್ತದೆ. ಗಾಬರಿ ಬಿದ್ದ ಮಗನನ್ನು ಅಪ್ಪನ ಎದೆಯ ಮೇಲೆ ಕೈ ಇಡುವಂತೆ ಮಾಡುವುದಿದೆಯಲ್ಲ, ಅದು ಧ್ವನಿಯ ಕೆಲಸ. ಕರೆ ಕಡಿಮೆಯಿರುವ ನಸುಕಿನಲ್ಲಿ ನಾನೇ ಗಾಬರಿಯ ಮಗನಾಗಿ ಅಳುತ್ತಿದ್ದೆ, ಹುಡುಗರು ನನಗೆ ಎಣಿಸುತ್ತಿದ್ದರು. ಪಕ್ಕದ ಮೇಜಿನವರಿಗೆ ನಗು. ನಗಲಿ.

ಮೂರನೆಯದೇ ಹೆಚ್ಚು ಕೆಲಸಕ್ಕೆ ಬಂದದ್ದು. ನಮಗೆ ಕಥೆಯ ಕೊನೆ ತಿಳಿಯುವುದಿಲ್ಲ. ಸೈರನ್ ಸದ್ದು ಫೋನಿನಲ್ಲಿ ಕೇಳಿಸುತ್ತದೆ, "ಬಂದ್ರು, ಬಂದ್ರು" ಅಂತ ಕರೆ ಕತ್ತರಿಸುತ್ತಾರೆ, ಮುಂದಿನ ಸೆಕೆಂಡಿನಲ್ಲಿ ಇನ್ನೊಂದು ಕರೆ. ಬದುಕಿದರಾ? ಗೊತ್ತಿಲ್ಲ. ಆಸ್ಪತ್ರೆಯವರು ರೋಗಿಯ ಖಾಸಗಿತನದ ನಿಯಮದಿಂದ ಹೇಳುವಂತಿಲ್ಲ. ಆದರೆ ಮನೆಯಲ್ಲಿ ಏನಾಯಿತು ಅನ್ನುವುದು ಗಾಡಿಯಲ್ಲಿ ಹೋದವರಿಗೆ ಗೊತ್ತಿರುತ್ತದೆ. ಹಾಗಾಗಿ ಹುಡುಗರು ಕಷ್ಟದ ಕರೆ ನಿಭಾಯಿಸಿದ ದಿನ ನಾನು ಆ ಠಾಣೆಯ ಕ್ಯಾಪ್ಟನ್‌ಗೋ ಸಾರ್ಜೆಂಟ್‌ಗೋ ಫೋನ್ ಮಾಡಿ ಕೇಳಲು ಶುರು ಮಾಡಿದೆ: ನಾಡಿ ಮರಳಿತಾ, ಎದೆ ಒತ್ತುತ್ತಿದ್ದರಾ, ನಾವು ಹೇಳಿದ ಗೇಟು ಸರಿಯಿತ್ತಾ. ಮೊದಮೊದಲು "ನಿಮಗ್ಯಾಕೆ?" ಅನ್ನುವ ಧಾಟಿ. ಆಮೇಲೆ ಅವರೇ ಹೇಳತೊಡಗಿದರು. ಕೆಟ್ಟ ಸುದ್ದಿಯನ್ನೂ ಮುಚ್ಚಿಡಲಿಲ್ಲ. ತಿಳಿಯದೇ ಇರುವುದಕ್ಕಿಂತ ಅದನ್ನು ಹೊರುವುದು ಸುಲಭ ಅಂತ ಹುಡುಗರೇ ಹೇಳಿದರು. ಅಂಕದ ವರದಿ ಬರೆಯುವ ಮೊದಲು ಈ ಮಾತು, ಆಮೇಲೆ ಸ್ಪೆಲಿಂಗ್ ತಪ್ಪು. ನನ್ನ ಕೈಕೆಳಗೆ ಕಲಿತವರು ಎಲ್ಲರೂ ಉಳಿದರು ಅಂತ ಹೇಳಲಾರೆ. ಬಿಟ್ಟುಹೋದವರು ಓವರ್‌ಟೈಮ್ ತಾಳಲಾರದೆ ಹೋದರು, ತಮ್ಮನ್ನು ಯಾರೂ ಕೇಳುವವರಿಲ್ಲ ಅಂತ ಹೋದವರು ಕಡಿಮೆ.

ಮನ್ನಣೆಯ ಮಾತಿಗೆ ಬಂದರೆ, ಪ್ರತಿ ಏಪ್ರಿಲ್‌ನ ಎರಡನೇ ವಾರ ನಮ್ಮದು. ಇದನ್ನು 1981ರಲ್ಲಿ ಶುರು ಮಾಡಿದ್ದೂ ಇದೇ ಬೇ ಏರಿಯಾದ ಕಾಂಟ್ರಾ ಕೋಸ್ಟಾ ಕೌಂಟಿ ಶೆರಿಫ್ ಕಚೇರಿಯ ಪ್ಯಾಟ್ರಿಷಿಯಾ ಆಂಡರ್ಸನ್. ಆ ವಾರ ಪಿಜ್ಜಾ ಬರುತ್ತದೆ, ಹೆಸರು ಬರೆದ ಮಗ್ ಬರುತ್ತದೆ. ಪಿಜ್ಜಾ ಆರುವ ಮೊದಲು ತಿನ್ನಲು ಎದ್ದು ಹೋಗುವಷ್ಟು ಜನರಿದ್ದರೆ ಚೆನ್ನಾಗಿತ್ತು. ನನಗೆ ಬೇಕಿದ್ದುದು ಇನ್ನೊಂದು. ದೊಡ್ಡ ದುರಂತವಾದಾಗ ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಕೂರಿಸಿ, ಆಪ್ತ ಸಮಾಲೋಚಕರನ್ನು ಕರೆಸಿ ಮಾತಾಡಿಸುತ್ತಾರೆ. ಅದೇ ದುರಂತವನ್ನು ಮೊದಲು ಕೇಳಿಸಿಕೊಂಡ ಡಿಸ್ಪ್ಯಾಚರನ್ನು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ. ಲಿಖಿತವಾಗಿ ಕೇಳಿದೆ, ಮತ್ತೆ ಕೇಳಿದೆ. ಈಗ ಕರೆಯುತ್ತಾರೆ, ನಮ್ಮ ಕುರ್ಚಿಗೆ ಆ ಒಂದು ಗಂಟೆ ಬೇರೆಯವರು ಸಿಕ್ಕರೆ.

ಈ ಕೆಲಸದಲ್ಲಿ ನನ್ನ ಕನ್ನಡ ಉಪಯೋಗಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಸ್ಪ್ಯಾನಿಷ್‌ಗೆ ಭತ್ಯೆ ಇದೆ, ಕನ್ನಡಕ್ಕೆ ಎಲ್ಲಿಯದು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತ ಟ್ರೈನಿಯ ಕರೆಯಲ್ಲಿ ಅಜ್ಜಿಯೊಬ್ಬರು "ಯಜಮಾನ್ರು ಮಾತಾಡ್ತಿಲ್ಲ, ಮಾತಾಡ್ತಿಲ್ಲ" ಅನ್ನುತ್ತಿದ್ದರು. ಅವಳ ಕೈ ದುಭಾಷಿಯ ಗುಂಡಿಯತ್ತ ಹೋಗಿತ್ತು. ನಾನು ಕರೆ ತೆಗೆದುಕೊಂಡು "ಅಮ್ಮಾ, ಕನ್ನಡದಲ್ಲೇ ಹೇಳಿ, ಮನೆ ಎಲ್ಲಿ?" ಅಂದೆ. ಮಗನ ಮನೆ, ಮಗ ಸೊಸೆ ಆಫೀಸಿಗೆ ಹೋಗಿದ್ದಾರೆ, ವಿಳಾಸ ಗೊತ್ತಿಲ್ಲ. ಪರದೆಯ ವೃತ್ತದೊಳಗೆ ಮೂರು ಅಪಾರ್ಟ್‌ಮೆಂಟ್ ಸಮುಚ್ಚಯ. "ಬಾಗಿಲ ಹತ್ತಿರ ಪಾರ್ಸೆಲ್ ಡಬ್ಬ ಏನಾದ್ರೂ ಇದೆಯಾ? ಅದರ ಮೇಲಿನ ನಂಬರ್ ಓದಿ." ಅಮೆರಿಕದಲ್ಲಿ ಪಾರ್ಸೆಲ್ ಡಬ್ಬ ಇಲ್ಲದ ಮನೆ ಉಂಟೇ? ಒಂದೊಂದೇ ಅಂಕಿ ಓದಿದರು. ಗಾಡಿ ಹೊರಟಿತು. ಆಮೇಲೆ ಮಂಚದಿಂದ ನೆಲಕ್ಕೆ ಎಳೆಸಿ, ಎದೆಯ ನಡುವೆ ಅಂಗೈ ಇಡಿಸಿ, ಒಂದು ಎರಡು ಮೂರು ನಾಲ್ಕು ಅಂತ ಇಬ್ಬರೂ ಒಟ್ಟಿಗೆ ಎಣಿಸಿದೆವು. "ಅವರಿಗೆ ನೋವಾಗುತ್ತೆ ಕಣಮ್ಮ" ಅಂದರು ಒಮ್ಮೆ. "ಆಗಲಿ, ಬಿಡಬೇಡಿ" ಅಂದೆ. ಅಷ್ಟು ಹೊತ್ತು ನಾನು ಫೋನ್ ಬಿಡದೆ ಇರಲು ಸಾಧ್ಯವಾದದ್ದು ಅವತ್ತು ಕೊಠಡಿಯಲ್ಲಿ ಕುರ್ಚಿಗಳು ತುಂಬಿದ್ದವು ಅನ್ನುವ ಒಂದೇ ಕಾರಣಕ್ಕೆ. ಮನೆಯಲ್ಲೇ ನಾಡಿ ಮರಳಿತು ಅಂತ ಕ್ಯಾಪ್ಟನ್ ಹೇಳಿದರು. ಆಸ್ಪತ್ರೆಯಲ್ಲಿ ಏನಾಯಿತೋ ತಿಳಿಯದು.

ಅಪ್ಪ ಅಮ್ಮ ಊರಿಂದ ಬಂದಾಗ ಡಿಸ್ನಿಲ್ಯಾಂಡ್ ತೋರಿಸುವ ಮೊದಲು ಒಂದು ಕೆಲಸ ಮಾಡಿ. ಮನೆಯ ವಿಳಾಸ, ಅಪಾರ್ಟ್‌ಮೆಂಟ್ ನಂಬರು, ಗೇಟಿನ ಕೋಡು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದು ಫ್ರಿಜ್ ಮೇಲೆ ಅಂಟಿಸಿ. 911 ಒತ್ತಿದಾಗ ಇಂಗ್ಲಿಷ್ ಬಾರದಿದ್ದರೆ "ಕನ್ನಡ" ಎಂದು ಒಂದೇ ಮಾತು ಹೇಳಿ ಫೋನ್ ಇಡದೆ ಕಾಯಲು ಹೇಳಿಕೊಡಿ. ದುಭಾಷಿ ಸಿಗುವುದು ಸ್ವಲ್ಪ ತಡವಾಗಬಹುದು, ಸಿಗುತ್ತಾರೆ. ಊರಿನ ಸಿಮ್ ಇರುವ ಫೋನಿನಿಂದಲೂ 911 ಹೋಗುತ್ತದೆ. ಆದರೆ ಕರೆ ಕಡಿದರೆ ನಾವು ತಿರುಗಿ ಮಾಡುವುದು ಕಷ್ಟ.

ಇನ್ನು ನಮ್ಮವರಿಂದ ಬರುವ ಒಂದು ವಿಶೇಷ ಕರೆ ಇದೆ. ಆಫೀಸಿನ ಫೋನಿನಲ್ಲಿ ಹೊರಗಿನ ಲೈನಿಗೆ 9, ಆಮೇಲೆ ಭಾರತಕ್ಕೆ 011, ಆಮೇಲೆ 91. ನಡುವಿನ ಸೊನ್ನೆ ಸರಿಯಾಗಿ ಒತ್ತದೆ ಹೋದರೆ ನೇರ ನಮಗೆ ಬರುತ್ತದೆ. "ಅಯ್ಯೋ!" ಅಂತ ಒಂದು ಕನ್ನಡ ದನಿ, ಕರೆ ಕಟ್. ದಯವಿಟ್ಟು ಕಟ್ ಮಾಡಬೇಡಿ. "ತಪ್ಪಾಗಿ ಒತ್ತಿದೆ, ಎಲ್ಲ ಸರಿಯಿದೆ" ಅಂತ ಹೇಳಲು ಐದು ಸೆಕೆಂಡ್ ಸಾಕು. ಕಟ್ ಮಾಡಿದರೆ ನಾವು ತಿರುಗಿ ಕರೆ ಮಾಡಬೇಕು. ಎತ್ತದಿದ್ದರೆ ಪೊಲೀಸರನ್ನು ಕಳಿಸಬೇಕಾದೀತು, ಅಷ್ಟು ಹೊತ್ತು ನಮ್ಮಲ್ಲೊಬ್ಬರು ನಿಮ್ಮ ಕರೆಯಲ್ಲೇ ಸಿಕ್ಕಿಕೊಂಡಿರುತ್ತಾರೆ.